ಅಂಜೂರದ ಮರವಿರುವ ಮನೆ

ನಲ್ಮೆಯ ಮಾತ್ರೋನಾ,

ಹೂಣರ ಬೀಡಿನಲ್ಲಿ ಕ್ಷೇಮವಾಗಿದ್ದೇನೆ. ಸಂಧಾನ ಮುಗಿಯಿತು. ಆದರೆ ಆದದ್ದು ಶಾಂತಿಯೋ ಯುದ್ಧವೋ, ಇನ್ನೂ ತಿಳಿದಿಲ್ಲ. ಇವರು ಇಂಥ ಮಾತನ್ನೆಲ್ಲ ಕುದುರೆಯ ಮೇಲೆ ಕೂತೇ ಆಡುತ್ತಾರೆ. ಮೊದಲು ಇಳಿದವನ ಮರ್ಯಾದೆ ಹೋಗುತ್ತದೆಂದು ನಾನೂ ಅರ್ಧ ದಿನ ಕೂತೆ, ತೊಡೆಯೆಲ್ಲ ತರಚಿದೆ.

ಪಶ್ಚಿಮದ ಚಕ್ರವರ್ತಿಯ ದೂತನೂ ಪಕ್ಕದಲ್ಲೇ ಇದ್ದ. ಹೂಣ ದೊರೆ ಅವನಿಗೆ, "ನಾನು ನಿಮ್ ಕಡೆಯವ್ನೇ" ಎಂದ. ಪೂರ್ವದ ಚಕ್ರವರ್ತಿಯ ದೂತನಾದ ನನಗೂ ಅದನ್ನೇ ಹೇಳಿದ. ಇಬ್ಬರೂ ತಲೆಬಾಗಿದೆವು.

ಆಮೇಲೆ ನನ್ನೊಬ್ಬನನ್ನೇ ಕರೆದು, ಮನೆ ಎಲ್ಲಿ ಎಂದು ಕೇಳಿದ. ನದಿದಂಡೆಯ ಊರು, ಅಂಗಳದಲ್ಲಿ ಅಂಜೂರದ ಮರ ಎಂದೆ. ದೊರೆಯ ಉತ್ತರವನ್ನು ದುಭಾಷಿ ವಿತಿಲಾ ನಗುತ್ತ ತಿಳಿಸಿದ: "ಅದೃಷ್ಟವಂತ್ರು ಕಣ್ರೀ ನೀವು! ಅಂಜೂರದ ಮರ ಇರೋ ಮನೇನ ಯಾರೂ ಮುಟ್ಟಲ್ವಂತೆ. ದೊರೆ ಮಾತು ಕೊಟ್ಟವ್ರೆ."

ಸಂತೋಷದಿಂದಲೇ ವಂದಿಸಿ ಬಂದೆ. ಗುಡಾರದಲ್ಲಿ ಬೂಟು ಕಳಚುವಾಗ ಯೋಚನೆ ಹತ್ತಿತು: ಶಾಂತಿಯೇ ಆಗಿದ್ದರೆ ಒಂದು ಮನೆಗೆ ಮಾತ್ರ ಅಭಯ ಏಕೆ? ಬರಿಯ ಉಪಚಾರದ ಮಾತೂ ಇರಬಹುದು. ವಿತಿಲಾನನ್ನು ಕೇಳಿದರೆ, "ಅಯ್ಯೋ, ನಿಮ್ಮನೆ ಉಳೀತಲ್ಲ ಸ್ವಾಮಿ, ಇನ್ನೇನ್ ಬೇಕು?" ಎಂದ.

ಆಸ್ಥಾನಕ್ಕೆ ಏನೆಂದು ಬರೆಯಲಿ, ಹೊಳೆಯುತ್ತಿಲ್ಲ. ನೀನು ಗಾಬರಿಯಾಗಬೇಡ, ಒಂದು ಕೆಲಸ ಮಾಡು. ಈ ವರ್ಷ ಹಣ್ಣು ಸಿಗದಿದ್ದರೂ ಚಿಂತೆಯಿಲ್ಲ, ನಮ್ಮ ಮರದ ಕೊಂಬೆಗಳನ್ನು ಕಡಿಸು. ಎದುರುಮನೆಯ ಅಜ್ಜಿಯಿಂದ ಹಿಡಿದು ಕಮ್ಮಾರನವರೆಗೆ, ಬೀದಿಯ ಒಂದೊಂದು ಅಂಗಳದಲ್ಲೂ ಒಂದೊಂದನ್ನು ನೆಡಿಸು.

ಯಾಕೆಂದು ಕೇಳಿದರೆ, ಗಂಡನಿಗೆ ತಲೆ ಕೆಟ್ಟಿದೆ ಎನ್ನು.

ನಿನ್ನ,
ಸಬಿನಿಯಾನ