ಹೊಳಪು ತೆಗೆದ ಬಾತುಗಳು

ಪಿಯೆರ್ ಪಾರ್ಟ್, ಲೂಸಿಯಾನ
28 ಅಕ್ಟೋಬರ್ 1987

ಪ್ರೀತಿಯ ಕ್ಲೋವಿಸ್,

ಹೇಗಿದ್ದೀಯ? ಮೊಣಕೈ ನೋವು ಇಳಿಯಿತೇ? ನಿಮ್ಮ ಹಡಗಿನ ಅಡುಗೆಯವನು ಇನ್ನೂ ಎಲ್ಲಕ್ಕೂ ಸಕ್ಕರೆ ಸುರಿಯುತ್ತಿದ್ದಾನೆಯೇ? ಇಲ್ಲಿ ನಾನೂ ಮಾವನೂ ಗಟ್ಟಿಯಾಗಿದ್ದೇವೆ. ಅವರ ಮಂಡಿ ಮಾತ್ರ ಕೆಸರೆಂದರೆ ಮುನಿಯುತ್ತದೆ.

ಬೇಟೆಗೆಂದು ನೀರಲ್ಲಿ ತೇಲಿಬಿಡುವ ನಮ್ಮ ಮರದ ಸೋಗಿನ ಬಾತುಗಳ ಬಣ್ಣ ಹೋಗಿದೆ, ಅವನ್ನು ನಂಬಿ ಯಾವ ಕಾಡುಬಾತೂ ನೀರಿಗಿಳಿಯುವುದಿಲ್ಲ, ಹೊಸವನ್ನು ಕೊಳ್ಳುವ ಶಕ್ತಿಯಿಲ್ಲ, ಈ ವರ್ಷ ಬೇಟೆಯೇ ಬೇಡ ಎಂದು ನೀನು ಬರೆದದ್ದನ್ನು ಓದಿ ಮಾವ ತಮಗಿಷ್ಟದ ಗಂಬೋ ಸಾರನ್ನೂ ಮುಟ್ಟಲಿಲ್ಲ. ನನಗೆ ತಡೆಯಲಾಗಲಿಲ್ಲ. ಶೆಡ್ಡಿನಿಂದ ಅವುಗಳ ಮೂಟೆ ಎಳೆದು ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದು, ನಾನೇ ಬಣ್ಣ ಬಳಿಯುತ್ತೇನೆ ಎಂದೆ. ಜೊತೆಗೊಂದು ಷರತ್ತು: ಒಂದೇ ಒಂದು ನಿಜವಾದ ಬಾತು ಇವುಗಳ ನಡುವೆ ಇಳಿದರೂ, ಬೇಟೆಯ ಮೊದಲ ದಿನ ನಿಮ್ಮಂತೆ ನಾನೂ ಹುಲ್ಲುಮರೆಯಲ್ಲಿ ಅಡಗಿ ಕೂರಬೇಕು. ನಿಮ್ಮ ಮನೆಯ ಹೆಂಗಸರು ಬಾತಿನ ಪುಕ್ಕ ಕಿತ್ತವರೇ ಹೊರತು ಅದು ಹಾರಿಬರುವುದನ್ನು ಅಲ್ಲಿ ಕೂತು ನೋಡಿದವರಲ್ಲ. ಮಾವ ನಗುತ್ತಲೇ ಒಪ್ಪಿದರು. ನಾನು ಸೋಲುವುದು ಅವರಿಗೆ ಖಾತ್ರಿಯಿತ್ತು.

ಮೊದಲ ಸಲ ಸೋತೆನೂ ಸೋತೆ. ಉಳಿತಾಯದ ಹುಮ್ಮಸ್ಸಿನಲ್ಲಿ ನಿನ್ನ ದೋಣಿಗೆ ಬಳಿದು ಮಿಕ್ಕ ಬಣ್ಣವನ್ನೇ ಬಳಿದಿದ್ದೆ. ಗಂಡುಬಾತುಗಳ ಹಸಿರು ತಲೆ ಮದುಮಗನ ಬೂಟಿನ ಹಾಗೆ ಮಿರಮಿರ ಮಿಂಚುತ್ತಿತ್ತು. ನಾನೋ ಬೀಗಿದ್ದೇ ಬೀಗಿದ್ದು. ಹಿತ್ತಿಲಾಚೆಯ ಕೊಳದಲ್ಲಿ ತೇಲಿಬಿಟ್ಟರೆ, ಇಳಿಯಲು ಬಂದ ಹಿಂಡು ಬಿಸಿಲಿಗೆ ಅವು ಫಳಕ್ಕೆಂದದ್ದೇ ತಡ, ಪರಾರಿ. ಮಾವ ಬಾಯಿಂದ ಪೈಪ್ ತೆಗೆದು, "ಅಲ್ಲಮ್ಮಾ ಯೂಲಾ, ಬಾತಿಗೆ ಯಾರಾದ್ರೂ ಪಾಲಿಶ್ ಹಾಕ್ತಾರಾ?" ಎಂದರು.

ನಾನು ಬಿಡುವವಳೇ? ಅಷ್ಟನ್ನೂ ಮರಳುಕಾಗದದಲ್ಲಿ ಉಜ್ಜಿ, ಚಾವಣಿಗೆ ಬಳಿದು ಉಳಿದಿದ್ದ ಹೊಳಪಿಲ್ಲದ ಬಣ್ಣಕ್ಕೆ ಹಸಿರು ಪುಡಿ, ಕಂದು ಪುಡಿ, ಒಲೆಯ ಮಸಿ ಕಲಸಿದೆ. ನೋಡುತ್ತ ನಿಂತಿದ್ದ ಮಾವನೂ ಕುಂಚ ಹಿಡಿದು ಎದುರು ಕೂತರು. ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಹೆಣ್ಣುಬಾತಿನ ಗರಿ ಮೂಡಿಸುವುದನ್ನು ತೋರಿಸಿಕೊಟ್ಟರು (ಬಾಚಣಿಗೆ ನಿನ್ನದು, ಹೊಸದು ತಂದಿದ್ದೇನೆ). ಎಷ್ಟು ನಕ್ಕೆವು, ಎಷ್ಟು ಜಗಳವಾಡಿದೆವು! ನಾನು ಈ ಮನೆಗೆ ಬಂದಮೇಲೆ ಅವರು ನನ್ನೊಡನೆ ಇಷ್ಟು ಮಾತಾಡಿದ್ದೇ ಇಲ್ಲ.

ನಿನ್ನೆ ಬೆಳಿಗ್ಗೆ ಮತ್ತೆ ತೇಲಿಬಿಟ್ಟೆವು. ಒಂದು ಜೋಡಿ ಮೇಲೆಯೇ ಸುತ್ತು ಹಾಕಿತು, ಮತ್ತೆ ತಿರುಗಿ ಬಂತು, ಕಾಲು ಚಾಚಿ ಸೀದಾ ನಮ್ಮ ಬಾತುಗಳ ನಡುವೆ ಇಳಿಯಿತು. ಕ್ಲೋವಿಸ್, ನಾನು ಸಂತೋಷಕ್ಕೆ ಅತ್ತುಬಿಟ್ಟೆ. ಮಾವ ಮನೆಗೆ ಬಂದು ತಂತಿ ಕಾಯಿಸಿ, ಪ್ರತಿ ಬಾತಿನ ಹೊಟ್ಟೆಯಡಿ ಇರುವ ತಮ್ಮ ಹೆಸರಿನ ಅಕ್ಷರದ ಪಕ್ಕ ನನ್ನದನ್ನೂ ಸುಟ್ಟು ಬರೆಯುತ್ತ ಕೂತರು.

ಮೇರಿಮಾತೆ ನಿನ್ನನ್ನು ನದಿಯ ಮೇಲೆ ಕಾಪಾಡಲಿ. ಅಡುಗೆಯವನಿಗೂ ನನ್ನ ನೆನಪು ಹೇಳು.

ನಿನ್ನ
ಯೂಲಾ

ಮರೆತೇಬಿಟ್ಟಿದ್ದೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ: ಬೇಟೆ ಶುರುವಾಗುವ ಹಿಂದಿನ ದಿನವೇ ಬಂದುಬಿಡು. ಹುಲ್ಲುಮರೆಯಲ್ಲಿ ಇಬ್ಬರಿಗಷ್ಟೇ ಜಾಗವಲ್ಲವೇ? ಬಾತು ಕರೆಯುವ ಸೀಟಿಯನ್ನು ಮಾವ ನನ್ನ ಕೊರಳಿಗೇ ಹಾಕಿ, "ನನ್ನ ಮಂಡಿಗೆ ಇನ್ನು ಆ ಕೆಸರು ಆಗೋಲ್ಲ ಮಗಳೇ, ನನ್ನ ಜಾಗದಲ್ಲಿ ನೀನೇ ಕೂತ್ಕೋ" ಅಂದರು. ಅವರದು ಮುಂದಿನ ಜಾಗ, ಗೊತ್ತಲ್ಲ. ನೀನು ಹಿಂದೆ ಕೂತು ಕಾಫಿ ಬಗ್ಗಿಸಿ ಕೊಡು.