ರಟ್ಟಿನ ಬೀಗದ ಕೈ

ಮಾರ್ಚ್ ೧೪, ಶುಕ್ರವಾರ

ವೇದಿಕೆಯಿಲ್ಲ, ಫೋಟೊ ಇಲ್ಲ ಎಂದು ಬೆಳಿಗ್ಗೆಯಿಂದ ಆಯುಕ್ತ ಸಾಹೇಬರ ಮುಖ ಊದಿಕೊಂಡಿತ್ತು. ಊದಲಿ! ನಮ್ಮ ವಸತಿ ಮಂಡಳಿ ಇಷ್ಟು ವರ್ಷ ವೇದಿಕೆಯ ಮೇಲೆ ಆಳೆತ್ತರದ ರಟ್ಟಿನ ಬೀಗದ ಕೈ ಕೊಟ್ಟು ಚಪ್ಪಾಳೆ ಗಿಟ್ಟಿಸುತ್ತಿತ್ತು. ನಿಜವಾದ ಬೀಗದ ಕೈಗೆ ಜನ ಚಪ್ಪಲಿ ಸವೆಸಬೇಕಿತ್ತು. ನಾನು ಹಟ ಹಿಡಿದು ಅದನ್ನು ನಿಲ್ಲಿಸಿದೆ. ಇಂದು ಮನೆ ಬಾಗಿಲಲ್ಲೇ ನಿಜವಾದದ್ದನ್ನು ಕೊಟ್ಟೆವು.

ಮೊದಲ ಮನೆ ಇಸ್ತ್ರಿ ಅಂಗಡಿಯ ಅಜ್ಜಿಯದು. ಬೀಗ ತೆಗೆದರು, ಒಳಗೆ ಹೋದರು, ಚಿಲಕ ಹಾಕಿಕೊಂಡರು! ನಾವೆಲ್ಲ ಹೊರಗೆ ಪೆಚ್ಚಾಗಿ ನಿಂತೆವು. ಒಳಗೆ ನಲ್ಲಿ ತಿರುಗಿಸುವ ಸದ್ದು, ಒಂದು ಸಣ್ಣ ಹಾಡು. ಸಾಹೇಬರು ತಡೆಯಲಾರದೆ ಬಾಗಿಲು ತಟ್ಟಿದರು.

ಅಜ್ಜಿ ಕಿಟಕಿಯಿಂದ ಇಣುಕಿದರು. "ಯಾರಪ್ಪಾ? ಯಾರು ಬೇಕಾಗಿತ್ತು?"

ಸಾಹೇಬರು ಕೈಮುಗಿದರು. "ಯಾರೂ ಇಲ್ಲಜ್ಜಿ, ಸುಮ್ನೆ ಈ ಕಡೆ ಬಂದಿದ್ವಿ."