ನೀನು ಹೇಳದೆ ಬಿಟ್ಟ ಪದ

ಲೇ ಶೈಲಾ,

ಜೀವದ ಗೆಳತಿ ಅಂತ ಬರೆಯೋಕೆ ಹೊರಟೆ, ಕೈ ಬರಲಿಲ್ಲ. ಬರೀ ಶೈಲಾ ಅಂತಲೇ ಇರಲಿ ಬಿಡು.

ಅಜ್ಜಂಪುರದಿಂದ ತರೀಕೆರೆ ಕಾಲೇಜಿಗೆ ಹೋಗ್ತಿದ್ದ ನಮ್ಮ ಬಸ್ಸು ನೆನಪಿದೆಯಾ? ಕಿಟಕಿ ಸೀಟು ಯಾವಾಗ್ಲೂ ನಿಂದೇ. ದಾರಿಯುದ್ದಕ್ಕೂ ನಮ್ಮದೊಂದು ಆಟ: ಒಬ್ಬಳು ಇಂಗ್ಲಿಷಿನ ಮೂರು ಅಕ್ಷರ ಕೊಡ್ಬೇಕು, ಇನ್ನೊಬ್ಬಳು ಆ ಅಕ್ಷರಗಳಿಂದ ಶುರುವಾಗೋ ಪದಗಳನ್ನ ಅರ್ಥದ ಸಮೇತ ಹೇಳ್ಬೇಕು. ಸೋತವಳು ಕಡ್ಲೆಕಾಯಿ ಕೊಡಿಸ್ಬೇಕು. ಒಂದಿನ ನಾನು ಪಿ, ಎ, ಆರ್ ಅಂದ್ರೆ, ನೀನು ಪಾರ್ಕ್, ಪಾರ್ಸೆಲ್, ಪೇರೆಂಟ್ ಎಲ್ಲಾ ಒಪ್ಪಿಸಿದೆ. ಪಾರ್ಟ್ನರ್ ಅಂದ್ರೇನೇ ಅಂತ ಕೇಳಿದ್ದಕ್ಕೆ ನನ್ನ ಪೊಟ್ಟಣಕ್ಕೇ ಕೈ ಹಾಕಿ, "ಇದೇ ಕಣೇ ಅರ್ಥ" ಅಂದಿದ್ದೆ. ಗೊತ್ತಿರೋ ಪದಾನ ಮುಚ್ಚಿಡಂಗಿಲ್ಲ ಅಂತ ರೂಲ್ಸು ಮಾಡಿದವಳೂ ನೀನೇ.

ಆಮೇಲೆ ನಾನು ಟೀಚರ್ ಪರೀಕ್ಷೆಗೆ ಓದ್ತಿದ್ದಾಗ, ಶಿವಮೊಗ್ಗದಲ್ಲಿ ಅಕ್ಕನ ಮನೇಲಿದೀನಿ, ಇಲ್ಲೇ ಓದ್ಕೋತೀನಿ ಅಂದೆ ನೀನು. ನಂಬಿದೆ. ಆಟ ಫೋನಲ್ಲೇ ನಡೀತಿತ್ತು. ಒಂದ್ಸಂಜೆ ನಾನು ಸಿ, ಎ, ಎನ್ ಅಂತ ಕಳಿಸ್ದೆ. ನೀನು ಕ್ಯಾಂಡಲ್, ಕ್ಯಾಂಟೀನ್, ಕ್ಯಾನ್ಸಲ್ ಅಂತ ಬರೆದು, "ಅಷ್ಟೇ ಕಣೇ, ಸೋತೆ" ಅಂತ ಮುಗಿಸ್ಬಿಟ್ಟೆ. ನೀನು ಅಷ್ಟು ಬೇಗ ಸೋಲೋಳಾ? ನಾನೋ ಪೆದ್ದಿ, ಗೆದ್ದೆ ಅಂತ ಕುಣಿದಾಡಿದೆ.

ಕ್ಯಾನ್ಸರ್ ಅನ್ನೋದು ಬಾಕಿ ಇತ್ತಲ್ಲೇ. ಆಗ ನೀನು ಆಸ್ಪತ್ರೆ ಮಂಚದ ಮೇಲೆ ಮಲಗಿದ್ಯಂತೆ.

ನೀನು ಹೋದ ದಿನ ಗೊತ್ತಾಯ್ತು, ನಮ್ಮಮ್ಮನಿಗೂ ಎಲ್ಲಾ ಗೊತ್ತಿತ್ತು ಅಂತ. "ಅವಳ ಪರೀಕ್ಷೆ ಮುಗಿಯೋವರ್ಗೂ ಹೇಳ್ಬೇಡಿ ಅಂತ ಆಣೆ ಹಾಕಿದ್ಲು ಕಣೇ" ಅಂತ ಅಮ್ಮ ಅತ್ಲು. ನನ್ನ ಪರೀಕ್ಷೆ ನಿನಗಿಂತ ದೊಡ್ಡದು ಅಂತ ಯಾರೇ ಹೇಳಿದ್ದು? ನಂಬಿಸಿ ಕೈ ಕೊಟ್ಬಿಟ್ಟೆ ನೀನು. ನಿಮ್ಮನೆಯವರಿಗೆ, ನಮ್ಮನೆಯವರಿಗೆ, ಎಲ್ಲರಿಗೂ ಹೇಳಿ ನನ್ನೊಬ್ಬಳನ್ನೇ ಹೊರಗಿಟ್ಟೆ. ಒಂದ್ಸಲ ಬಂದು ಸುಮ್ನೆ ನಿನ್ನ ಪಕ್ಕ ಕೂತಿರ್ತಿದ್ದೆ, ಏನೂ ಮಾತಾಡದೆ...

ಪಾಸಾದೆ ಕಣೇ. ಸಿಂಗಟಗೆರೆ ಹತ್ರದ ಒಂದು ಸ್ಕೂಲಿಗೆ ಹಾಕಿದಾರೆ. ಮೊನ್ನೆ ಮಕ್ಕಳಿಗೆ ನಮ್ಮ ಆಟ ಆಡಿಸ್ದೆ. ಸಿ, ಎ, ಎನ್ ಅಂತ ಬೇಕಂತಲೇ ಬೋರ್ಡ್ ಮೇಲೆ ಬರೆದೆ. ಹಿಂದಿನ ಬೆಂಚಿಂದ ಒಬ್ಳು ಎದ್ದು, "ಕ್ಯಾನ್ಸರ್ ಮಿಸ್, ನಮ್ಮಜ್ಜಿಗೆ ಬಂದೈತೆ" ಅಂದ್ಲು.

ಅರ್ಥ ಗೊತ್ತಾ ಅಂತ ಕೇಳಿದೆ.

"ದಿನಾ ಅಜ್ಜಿ ಪಕ್ಕ ಕೂತ್ಕೋಬೇಕು ಮಿಸ್" ಅಂದ್ಲು.

ಸರಿ ಉತ್ತರ, ಕೂತ್ಕೋ ಅಂದೆ. ನಂಗೆ ಆ ಅರ್ಥ ಯಾರೂ ಹೇಳ್ಲಿಲ್ಲವಲ್ಲೇ ಶೈಲಾ.